ಎರಡನೇ ಮೆಣಸಿನ ಲಾಟ್

ಫೆಬ್ರವರಿ ತಿಂಗಳು. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಬೆಳಿಗ್ಗೆಯೇ ಫೋನು. "ಸಾರ್, ನಿಮ್ಮ ಪ್ರೋಗ್ರಾಂ ಕೈ ಕೊಡ್ತು. ಮೆಣಸು ಎಂಟ್ರಿ ಮಾಡಿದ್ರೆ ಮುಚ್ಕೊಂಡ್ ಬಿಡ್ತಿದೆ. ಲಾರಿ ಬೇರೆ ನಿಂತಿದೆ."

ಅವರ ಗೋದಾಮಿನ ಲೆಕ್ಕಕ್ಕೆ ನಾವು ಸಿ ಶಾರ್ಪ್ (C#) ಭಾಷೆಯಲ್ಲಿ ಬರೆದುಕೊಟ್ಟ ಪ್ರೋಗ್ರಾಂ ಅದು. ತೋಟಗಳಿಂದ ಬಂದ ಲಾಟ್‌ಗಳನ್ನು ತೇವಾಂಶ ನೋಡಿ ಜೋಡಿಸುತ್ತದೆ. ತೇವ ಜಾಸ್ತಿ ಇದ್ದದ್ದು ಮೇಲೆ, ಮೊದಲು ಕಣಕ್ಕೆ ಹೋಗಬೇಕಾದದ್ದು ಅದೇ ಅಲ್ವಾ? ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸಿದ ಕಾಫಿ), ಚೆರ್ರಿ (ಹಣ್ಣಾಗಿಯೇ ಒಣಗಿಸಿದ್ದು) ಎರಡಕ್ಕೂ ತೊಂದರೆ ಇರಲಿಲ್ಲ. ಮೆಣಸನ್ನು ಈಚೆಗೆ ಸೇರಿಸಿದ್ದು ನನ್ನ ಚಿಕ್ಕಪ್ಪನ ಮಗ.

"ಅಣ್ಣ, ನಿನ್ನೆ ಟೆಸ್ಟ್ ಮಾಡಿದ್ನಲ್ಲ, ಸರಿಯಾಗೇ ಇತ್ತು" ಅಂದ. ಸುಳ್ಳೇನಲ್ಲ. ಅವನು ಹಾಕಿ ನೋಡಿದ್ದು ಒಂದೇ ಲಾಟ್. ಪಟ್ಟಿಯಲ್ಲಿ ಒಂದೇ ಇದ್ದರೆ, ಜೋಡಿಸುವ ಆಜ್ಞೆಯಾದ ಸಾರ್ಟ್ ಯಾವುದನ್ನೂ ಹೋಲಿಸುವುದಿಲ್ಲ. ಎರಡನೇ ಲಾಟ್ ಬಂತು ನೋಡಿ, ಯಾವುದು ದೊಡ್ಡದು ಎಂದು ಕೇಳಬೇಕಾಯಿತು. ಮೆಣಸಿನ ಕ್ಲಾಸ್‌ನಲ್ಲಿ (ಮೆಣಸಿನ ಲಾಟ್ ಎಂದರೇನೆಂದು ವಿವರಿಸುವ ಕೋಡ್) ಐಕಂಪೇರಬಲ್, ಅಂದರೆ 'ನನ್ನನ್ನು ಇನ್ನೊಂದರ ಜೊತೆ ಹೋಲಿಸಬಹುದು' ಎಂಬ ಘೋಷಣೆ, ಇರಲಿಲ್ಲ. ಅಲ್ಲಿಗೆ ಎಕ್ಸೆಪ್ಷನ್, ಅಂದರೆ ಓಡುತ್ತಿದ್ದ ಪ್ರೋಗ್ರಾಂ ದೋಷ ಎಸೆದು ನಿಂತಿತು.

ಕೋಡನ್ನು ಓಡಿಸುವ ಮೊದಲೇ ಪರಿಶೀಲಿಸುವ ಕಂಪೈಲರ್ ಯಾಕೆ ಸುಮ್ನಿತ್ತು ಅನ್ನುವುದು ಅವನ ಸಿಟ್ಟು. ಸಿ ಶಾರ್ಪ್‌ನ ಲಿಸ್ಟ್ (ಪಟ್ಟಿ) ಜೆನೆರಿಕ್, ಅಂದರೆ ಒಳಗೆ ಇಡುವ ವಸ್ತುವಿನ ಟೈಪ್ (ಬಗೆ) ಯಾವುದೆಂಬುದನ್ನು 'ಟಿ' ಎಂಬ ಖಾಲಿ ಜಾಗವಾಗಿ ಬಿಟ್ಟಿರುತ್ತದೆ. ಅದರ 'ಟಿ' ಜಾಗದಲ್ಲಿ ಯಾವ ಟೈಪ್ ಬೇಕಾದರೂ ಕೂರಬಹುದು, ಷರತ್ತಿಲ್ಲ. ಹೋಲಿಸಲು ಬಾರದ ವಸ್ತುಗಳನ್ನೂ ಲಿಸ್ಟ್‌ನಲ್ಲಿ ಇಡಬೇಕಲ್ಲ! ಹಾಗಾಗಿ ಅದರ ಸಾರ್ಟ್ ಮೊದಲೇ ಏನೂ ಕೇಳುವುದಿಲ್ಲ, ಓಡುವಾಗ ಬೀಳುತ್ತದೆ. ಜಾವಾ ಭಾಷೆಯ ಕಲೆಕ್ಷನ್ಸ್ ಸಾರ್ಟ್ ಈ ವಿಷಯದಲ್ಲಿ ಜಾಣ. 2004ರ ಜಾವಾ 5ರಿಂದಲೂ ಅದರ 'ಟಿ'ಗೆ ಕಂಪೇರಬಲ್ ಆಗಿರಬೇಕೆಂಬ ಷರತ್ತಿದೆ. ನನಗೆ ಅದೇ ಇಷ್ಟ. ಮಾಲು ಸರಿಯಿಲ್ಲದ ಲಾರಿಯನ್ನು ಗೇಟಿನಲ್ಲೇ ತಡೆಯುವುದು ವಾಸಿ, ಮೂಟೆ ಇಳಿಸಿದ ಮೇಲೆ ಜಗಳ ಆಡುವುದಕ್ಕಿಂತ.

ಸಿ ಶಾರ್ಪ್‌ನಲ್ಲೂ 2005ರಿಂದ 'ಟಿ'ಗೆ ಷರತ್ತು ಹಾಕುವ 'ವೇರ್' ಇದೆ. ಜೋಡಿಸುವುದಕ್ಕೆ ನಮ್ಮದೇ ಒಂದು ಮೆಥಡ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಬರೆದು, ತಲೆಸಾಲಿನಲ್ಲಿ 'ವೇರ್ ಟಿ : ಐಕಂಪೇರಬಲ್ ಆಫ್ ಟಿ' ಎಂದು ಸೇರಿಸಿದೆವು. ಬಿಲ್ಡ್ ಒತ್ತಿದರೆ ಮೆಣಸಿನ ಸಾಲಿನ ಕೆಳಗೇ ಕೆಂಪು ಗೆರೆ, ಸಿಎಸ್0311 ಎಂಬ ದೋಷಸಂಖ್ಯೆ. ಕಾಫಿಯ ಸಾಲುಗಳು ಆರಾಮಾಗಿದ್ದವು. ಅವನು ಮೆಣಸಿನ ಕ್ಲಾಸ್‌ಗೆ ಐಕಂಪೇರಬಲ್ ಸೇರಿಸಿ, ಹೋಲಿಸುವ ಮೆಥಡ್ ಕಂಪೇರ್‌ಟು ಬರೆದ, ಗೆರೆ ಹೋಯಿತು. ಹೊಸ ಫೈಲ್ ಕಳಿಸಿದೆವು, ಲಾರಿ ಒಳಗೆ ಹೋಯಿತು.

ಆಮೇಲೆ ಹುಡುಗನಿಗೆ ಹುರುಪು ಹತ್ತಿತು. ಕಂಡಕಂಡ ಮೆಥಡ್‌ಗೆಲ್ಲ ಷರತ್ತು: ಒಂದಕ್ಕೆ ಲಾಟ್ ಬೇಸ್ ಕ್ಲಾಸ್ (ಎಲ್ಲ ಲಾಟ್‌ಗಳ ಮೂಲ ಕ್ಲಾಸ್) ಆಗಿರಬೇಕು, ಇನ್ನೊಂದಕ್ಕೆ 'ಕ್ಲಾಸ್' ಇರಬೇಕು, ಮತ್ತೊಂದಕ್ಕೆ 'ನ್ಯೂ' (ಹೊಸದೊಂದನ್ನು ಸೃಷ್ಟಿಸಲು ಬರಬೇಕು) ಇರಬೇಕು. "ಒಳಗೆ ಎಲ್ಲಾದ್ರೂ ನ್ಯೂ ಟಿ ಅಂತ ಬರೆದಿದ್ದೀಯೇನೋ?" ಅಂದೆ. ಇಲ್ಲ. ಹಾಗಾದರೆ ಆ ಷರತ್ತು ಯಾಕೆ? ತೇವಾಂಶದ ಸರಾಸರಿ ತೆಗೆಯುವ ಮೆಥಡ್‌ಗೆ ಮಾತ್ರ ಲಾಟ್ ಷರತ್ತು ಉಳಿಸಿದೆವು. ಅದು ಪ್ರತಿಯೊಂದರ ತೇವಾಂಶ ಓದಬೇಕು, ಬರೀ 'ಟಿ' ಎಂದರೆ ಕಂಪೈಲರ್‌ಗೆ ಆ ಹೆಸರೇ ಗೊತ್ತಿರುವುದಿಲ್ಲ. ಪ್ರಿಂಟ್ ತೆಗೆಯುವ ಮೆಥಡ್‌ಗೆ ಯಾವ ಷರತ್ತೂ ಬೇಡವೆಂದು ಎಲ್ಲ ಅಳಿಸಿದೆ. ಅದು ಕರೆಯುವುದು ವಸ್ತುವನ್ನು ಅಕ್ಷರವಾಗಿಸುವ ಟುಸ್ಟ್ರಿಂಗ್ ಒಂದನ್ನೇ, ಅದು ಎಲ್ಲ ಟೈಪ್‌ಗೂ ಹುಟ್ಟಿನಿಂದಲೇ ಇದೆ.