ಬೆರಳು ಆಡುವ ಮೊದಲೇ ಏರಿದ ರಕ್ತ

ನಾಲ್ಕು ವಾರಗಳಿಂದ ಕಾಡುತ್ತಿದ್ದ ಎಫ್‌ಎಂಆರ್‌ಐ (ರಕ್ತದ ಬದಲಾವಣೆಯಿಂದ ಮಿದುಳಿನ ಕೆಲಸವನ್ನು ತೋರಿಸುವ ಸ್ಕ್ಯಾನ್) ದತ್ತಾಂಶ ನಿನ್ನೆ ರಾತ್ರಿ ಕೊನೆಗೂ ಬಾಯಿ ಬಿಟ್ಟಿತು. ಪ್ರಯೋಗ ತೀರ ಸರಳವಾದದ್ದು: ಬಲಗೈ ಬೆರಳುಗಳನ್ನು 16 ಸೆಕೆಂಡು ಆಡಿಸಬೇಕು, 16 ಸೆಕೆಂಡು ಸುಮ್ಮನಿರಬೇಕು, ಎರಡು ಸೆಕೆಂಡಿಗೊಮ್ಮೆ ಇಡೀ ಮಿದುಳಿನ ಒಂದು ಚಿತ್ರ ಸಿಗುತ್ತದೆ. ತಲೆಯ ಅಲುಗಾಟವನ್ನು ಸರಿಪಡಿಸುವ ಮೋಷನ್ ಕರೆಕ್ಷನ್, ಅಕ್ಕಪಕ್ಕದ ಬಿಂದುಗಳನ್ನು ಬೆರೆಸಿ ಗದ್ದಲ ತಗ್ಗಿಸುವ ಸ್ಮೂದಿಂಗ್ ಎಲ್ಲವೂ ಸರಿಯಾಗಿಯೇ ಇದ್ದವು. ಆದರೂ ಸಂಕೇತವನ್ನು ಬೆರಳಾಟದ ಸಮಯಪಟ್ಟಿಯೊಂದಿಗೆ ಹೋಲಿಸಿ ಬರೆದ ನಕ್ಷೆಯಲ್ಲಿ, ಬಲಗೈಯನ್ನು ಆಡಿಸುವ ಎಡ ಮಿದುಳಿನ ಚಲನಾ ವಲಯ ಬೆಳಗಬೇಕಾದ ಜಾಗ ಖಾಲಿಯಾಗಿತ್ತು.

ಎಡ–ಬಲ ಅದಲುಬದಲಾಗಿರಬಹುದೆಂದು ನೋಡಿದರೆ ಬಲಬದಿಯೂ ಖಾಲಿಯೇ. ಸ್ಮೂದಿಂಗನ್ನು 5 ಮಿಲಿಮೀಟರಿನಿಂದ 8ಕ್ಕೆ ಏರಿಸಿ, ನಕ್ಷೆಯಲ್ಲಿ ಬಣ್ಣ ಪಡೆಯಲು ಬೇಕಾದ ಮಿತಿಯನ್ನು ಇಳಿಸಿದಾಗ ಕಣ್ಣುಗುಡ್ಡೆಗಳ ಅಂಚು ಮಾತ್ರ ಮಿನುಗಿತು.

ನಿನ್ನೆ ನಕ್ಷೆಯನ್ನು ಬದಿಗಿಟ್ಟು, ರಚನಾ ಚಿತ್ರದಲ್ಲಿ ಕೈಯ ಜಾಗವನ್ನು ಕಣ್ಣಿನಿಂದಲೇ ಹುಡುಕಿದೆ. ಚಲನೆ ಮತ್ತು ಸ್ಪರ್ಶದ ವಲಯಗಳನ್ನು ಬೇರ್ಪಡಿಸುವ ಸೆಂಟ್ರಲ್ ಸಲ್ಕಸ್ ಎಂಬ ತೋಡಿನ ಮುಂದಿನ ಮಡಿಕೆ ತಲೆಕೆಳಗಾದ ಒಮೆಗಾ (Ω) ಅಕ್ಷರದಂತೆ ಹಿಂದಕ್ಕೆ ಉಬ್ಬಿರುವ ಆ ಜಾಗವನ್ನು ಒಮ್ಮೆ ಗುರುತಿಸಿದರೆ ಮತ್ತೆ ಮರೆಯುವುದಿಲ್ಲ. ಅಲ್ಲಿನ ಒಂದೇ ಒಂದು ವೋಕ್ಸೆಲ್‌ನ (ಚಿತ್ರದ ಅತಿ ಚಿಕ್ಕ ಘನತುಣುಕಿನ) ಸಂಕೇತವನ್ನು ಗೆರೆಯಾಗಿ ಎಳೆದು ನೋಡಿದಾಗ, ಶೇಕಡ 2ರಷ್ಟು ಏರಿಳಿಯುವ ಅಚ್ಚುಕಟ್ಟಾದ ಅಲೆ ಕಂಡಿತು. ಆದರೆ ಅದು ಬೆರಳು ಆಡುವುದಕ್ಕೆ ಮೊದಲೇ ಏರತೊಡಗಿತ್ತು. ನರಕೋಶಗಳು ದುಡಿದ ಮೇಲೆ ಆಮ್ಲಜನಕ ಹೊತ್ತ ರಕ್ತ ಅಲ್ಲಿಗೆ ನುಗ್ಗಿ, ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್‌ನ ಪಾಲು ತಗ್ಗಿ, ಸಂಕೇತ ತುದಿ ಮುಟ್ಟಲು ಐದಾರು ಸೆಕೆಂಡು ಹಿಡಿಯುತ್ತದೆ. ಹಾಗಾದರೆ ತಪ್ಪಿರುವುದು ಗಡಿಯಾರವೇ.

ಆರಂಭದಲ್ಲಿ ಸಂಕೇತ ಇನ್ನೂ ನೆಲೆಗೊಂಡಿರುವುದಿಲ್ಲವೆಂದು ಮೊದಲ ನಾಲ್ಕು ಚಿತ್ರಗಳನ್ನು ದತ್ತಾಂಶ ಹಂಚಿದವರು ತೆಗೆದುಹಾಕಿ, ಬೆರಳಾಟದ ಸಮಯಪಟ್ಟಿಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ವಿವರಣೆಯ ಕಡತದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ. ನಾಲ್ಕು ಚಿತ್ರಗಳೆಂದರೆ 8 ಸೆಕೆಂಡು, ಅಂದರೆ 32 ಸೆಕೆಂಡಿನ ಆವರ್ತದ ಸರಿಯಾಗಿ ಕಾಲು ಭಾಗ. ಕಾಲು ಆವರ್ತ ಸರಿದ ಎರಡು ಅಲೆಗಳ ನಡುವೆ ಸಹಸಂಬಂಧ (ಒಟ್ಟಿಗೆ ಏರಿಳಿಯುವ ಪ್ರಮಾಣ) ಸೊನ್ನೆಯಾಗುತ್ತದೆ, ಹಾಗಾಗಿಯೇ ನಕ್ಷೆ ಖಾಲಿಯಾಗಿತ್ತು. 4 ಸೆಕೆಂಡು ಸರಿದಿದ್ದರೆ ಮಂಕಾಗಿಯಾದರೂ ಕಾಣುತ್ತಿತ್ತು, 16 ಸರಿದಿದ್ದರೆ ತಿರುಗುಮುರುಗಾಗಿ ಕಾಣುತ್ತಿತ್ತು.

ಇದರ ನಡುವೆಯೇ ಮುಂದಿನ ಕೆಲಸವೂ ತಲೆಯಲ್ಲಿ ಕುಳಿತಿದೆ. ಎಚ್ಚರವಿದ್ದ ರೋಗಿಗಳ ಮಿದುಳಿಗೆ ವಿದ್ಯುತ್ ಮುಟ್ಟಿಸಿ ನರಶಸ್ತ್ರಚಿಕಿತ್ಸಕ ಪೆನ್‌ಫೀಲ್ಡ್ ಅವರು ಮಾಂಟ್ರಿಯಲ್‌ನಲ್ಲಿ ಗುರುತಿಸಿದ ಕಾಲು, ಕೈ, ತುಟಿಗಳ ಸಾಲನ್ನು, ಯಾರ ತಲೆಬುರುಡೆಯನ್ನೂ ತೆರೆಯದೆ ಒಬ್ಬರದೇ ದತ್ತಾಂಶದಲ್ಲಿ ಮೇಲಿನಿಂದ ಕೆಳಕ್ಕೆ ಕಾಣಬೇಕೆಂಬ ಆಸೆ ನನ್ನದು.

ಸಮಯಪಟ್ಟಿಯ ಪ್ರತಿ ಸಂಖ್ಯೆಯಿಂದ 8 ಕಳೆದು ಮತ್ತೆ ಓಡಿಸಿದಾಗ ರಾತ್ರಿ ಒಂದೂವರೆ. ಎಡಗಡೆಯ ಒಮೆಗಾ ಪೂರ್ತಿ ಕೆಂಪಗಾಯಿತು. ಕೆಳಗೆ ಬಲಗಡೆಯ ಕಿರುಮಿದುಳಿನಲ್ಲಿ, ಇರಬೇಕಾದ ಕಡೆಯಲ್ಲೇ, ಇನ್ನೊಂದು ಚಿಕ್ಕ ಮಚ್ಚೆ ಮೂಡಿತು.