ಪ್ರೋಬ್ ಮೇಲಿನ ಸ್ಟಿಕ್ಕರ್ ನಂಬಿ ಬೀಟಾ ಅಳೆಯಬೇಡಿ

ಬೀಟಾ ಕಣಗಳನ್ನು (ವಿಕಿರಣಶೀಲ ಪರಮಾಣು ವಿಘಟಿಸುವಾಗ ಬಿಡುವ ವೇಗದ ಎಲೆಕ್ಟ್ರಾನ್) ಎಣಿಸಲು ನಾನು ಬಳಸುತ್ತಿದ್ದ ಸರ್ವೇ ಮೀಟರಿನ ಪ್ರೋಬ್ ಮೇಲೆ ಯಾರೋ ಸ್ಟಿಕ್ಕರ್ ಅಂಟಿಸಿದ್ದರು: ‘ಎಫಿಷಿಯನ್ಸಿ 20%’, ಅಂದರೆ ನೂರು ವಿಘಟನೆಯಾದರೆ ಮೀಟರ್ ಎಣಿಸುವುದು ಇಪ್ಪತ್ತು. ಯಾವ ಐಸೋಟೋಪಿಗೆ, ಎಷ್ಟು ದೂರದಲ್ಲಿ, ಒಂದೂ ಬರೆದಿರಲಿಲ್ಲ. ತುಂಬಾ ದಿನ ಅದನ್ನೇ ಹಿಡಿದು ಲೆಕ್ಕ ಹಾಕಿದೆ. ಕಾರ್ಬನ್-14 ಸೋರ್ಸ್ (ಎಷ್ಟು ವಿಘಟನೆ ಅಂತ ಮೊದಲೇ ಗೊತ್ತಿರುವ ಮಾದರಿ) ಇಟ್ಟು ನೋಡಿದ ದಿನ ಎದೆ ಧಸಕ್ಕೆಂದಿತು.

ಸೋರ್ಸ್ 100 ಬೆಕೆರೆಲ್, ಅಂದರೆ ಸೆಕೆಂಡಿಗೆ 100, ನಿಮಿಷಕ್ಕೆ 6000 ವಿಘಟನೆ. ಮೊದಲು ಸೋರ್ಸ್ ಇಲ್ಲದೆ ಎಣಿಸಿದೆ, ಸುತ್ತಲಿನ ಸಹಜ ವಿಕಿರಣದಿಂದಲೇ ನಿಮಿಷಕ್ಕೆ 50 ಬಂತು. ಇಟ್ಟ ಮೇಲೆ 350. ಕಳೆದರೆ 300, ಅದನ್ನು 6000ದಿಂದ ಭಾಗಿಸಿದರೆ ಬರೀ 5%. ಸ್ಟಿಕ್ಕರ್ ನಂಬಿದ್ದರೆ ಇದೇ 300 ಕೌಂಟಿಗೆ 25 ಬೆಕೆರೆಲ್ ಅಂತ ಬರೆದಿರುತ್ತಿದ್ದೆ! ವಿಕಿರಣಶೀಲ ಕೊಳೆ ಒರೆಸಿ ತೆಗೆಯಬೇಕಾದ ಮೇಜನ್ನು ‘ಏನೂ ತೊಂದರೆಯಿಲ್ಲ’ ಅಂತ ಬಿಟ್ಟುಬಿಡುವುದು ಹೀಗೇ ಅಲ್ವಾ?

ಕಾರಣ ಶಕ್ತಿ. ಕಾರ್ಬನ್-14ರ ಬೀಟಾಗೆ ಗರಿಷ್ಠ 156 ಕೆಇವಿ (ಕಣದ ಶಕ್ತಿಯ ಅಳತೆ), ಫಾಸ್ಫರಸ್-32ಕ್ಕೆ 1710. ಮೊದಲನೆಯದರಲ್ಲಿ ಎಷ್ಟೋ ಕಣಗಳು ಗಾಳಿಯಲ್ಲೋ ಪ್ರೋಬಿನ ತೆಳು ಅಭ್ರಕದ ಕಿಟಕಿಯಲ್ಲೋ ನಿಂತುಬಿಡುತ್ತವೆ. ಕೊಳೆಯಾಗದಿರಲಿ ಅಂತ ಪ್ರೋಬಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಇನ್ನೂ ಕಡಿಮೆ. ಹಾಳೆ ಸುತ್ತಿಯೇ ಬಳಸುವವರು ಎಫಿಷಿಯನ್ಸಿಯನ್ನೂ ಹಾಳೆ ಸುತ್ತಿಯೇ ಅಳೆಯಬೇಕು.

ಸ್ಟ್ರಾನ್ಷಿಯಂ-90 ಸೋರ್ಸಿನಲ್ಲಿ ಬೇರೆಯೇ ಒಂದು ತೊಡಕು ಇದೆ. ಅದರ ಮಗಳು, ಅಂದರೆ ಅದು ವಿಘಟಿಸಿ ಹುಟ್ಟುವ ಇಟ್ರಿಯಂ-90 ಕೂಡ ಬೀಟಾ ಬಿಡುತ್ತದೆ, ಅದೂ 2280 ಕೆಇವಿವರೆಗೆ. ಎರಡೂ ಸಮತೋಲಕ್ಕೆ ಬಂದ, ಅಂದರೆ ಎರಡೂ ಒಂದೇ ವೇಗದಲ್ಲಿ ವಿಘಟಿಸುವ ಹಳೆಯ ಸೋರ್ಸಿನಲ್ಲಿ ಸ್ಟ್ರಾನ್ಷಿಯಂ 100 ಬೆಕೆರೆಲ್ ಇದ್ದರೆ ಸೆಕೆಂಡಿಗೆ 200 ಬೀಟಾ ಹೊರಡುತ್ತವೆ. ಸರ್ಟಿಫಿಕೇಟಿನಲ್ಲಿರುವ ಅಂಕಿ ಸ್ಟ್ರಾನ್ಷಿಯಂಗೆ ಮಾತ್ರವೋ, ಎರಡೂ ಸೇರಿಯೋ ಅಂತ ಓದದೆ ಭಾಗಿಸಿದರೆ ಎಫಿಷಿಯನ್ಸಿ ಸುಮ್ನೆ ದುಪ್ಪಟ್ಟಾಗಿ ಕಾಣುತ್ತದೆ. ಕೆಲವು ಸರ್ಟಿಫಿಕೇಟುಗಳಲ್ಲಿ ಆಕ್ಟಿವಿಟಿಯ (ಸೆಕೆಂಡಿಗೆ ಎಷ್ಟು ವಿಘಟನೆ ಅನ್ನುವುದರ) ಬದಲು ಮೇಲ್ಮೈಯಿಂದ ಹೊರಬರುವ ಕಣಗಳ ಲೆಕ್ಕ ಇರುತ್ತದೆ, ಅದೇ ಬೇರೆ ಇದೇ ಬೇರೆ.

ಇನ್ನು ದೂರ. ಕೈಯಲ್ಲಿ ಹಿಡಿದರೆ ಅದು ಒಂದೇ ಸಮ ಇರುವುದಿಲ್ಲ. 5 ಮಿಲಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಸೋರ್ಸಿನ ಅಕ್ಕಪಕ್ಕ ಇಟ್ಟು, ಅವುಗಳ ಮೇಲೆ ಪ್ರೋಬನ್ನು ಕೂರಿಸಿ, ಮುಟ್ಟದೆ ಎಣಿಸುತ್ತೇನೆ. ಮುಳ್ಳು ಕುಣಿಯುವುದನ್ನು ನೋಡಿ ಅಂದಾಜು ಮಾಡುವುದಿಲ್ಲ. ಒಂದು ನಿಮಿಷದ 350 ಕೌಂಟಿನಲ್ಲಿ ಸುಮಾರು 5% ಏರುಪೇರು ಇದ್ದೇ ಇರುತ್ತದೆ, 10 ನಿಮಿಷ ಕಾದು 3500 ಎಣಿಸಿದರೆ ಅದು 2%ಗಿಂತ ಕೆಳಗೆ ಇಳಿಯುತ್ತದೆ. ಅಷ್ಟು ತಾಳ್ಮೆ ಬೇಕು.

ಹಳೆಯ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸಿದ್ದೇನೆ. ಪ್ರತಿ ಐಸೋಟೋಪಿಗೂ ಒಂದು ಸಾಲು, ಜೊತೆಗೆ ದೂರ ಮತ್ತು ಅಳೆದ ತಾರೀಖು. ಕೊನೆಯ ಸಾಲು ಕೆಂಪು ಶಾಯಿಯಲ್ಲಿದೆ: ‘ಟ್ರಿಟಿಯಂ, 18.6 ಕೆಇವಿ, ಈ ಮೀಟರಿಗೆ ಕಾಣುವುದಿಲ್ಲ’.