ಸಹಿ ನನ್ನ ಹಾಗೇ ಇತ್ತು, ಲೆಕ್ಕ ನನ್ನದಲ್ಲ

ಅದು ಸೆಪ್ಟೆಂಬರ್ ಕೊನೆಯ ವಾರ. ಟ್ಯಾಕ್ಸ್ ಆಡಿಟ್‌ನ ಕೊನೆಯ ದಿನ ಹತ್ತಿರ ಬಂದಿತ್ತು, ನಮ್ಮ ಸಿಎ ಆಫೀಸಿನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ಆಗ ಒಂದು ಬ್ಯಾಂಕಿನ ಮ್ಯಾನೇಜರ್ ಫೋನ್ ಮಾಡಿದರು. “ಸರ, ಈ ಟರ್ನೋವರ್ ಸರ್ಟಿಫಿಕೇಟ್ ನೀವ ಕೊಟ್ಟೀರೇನ್ರಿ? ಸ್ವಲ್ಪ ಡೌಟ್ ಬಂದದ.”

ವಾಟ್ಸಾಪ್‌ನಲ್ಲಿ ಫೋಟೊ ಬಂತು. ನೋಡಿದ ಕೂಡಲೇ ಕೈ ತಣ್ಣಗಾಯಿತು. ಲೆಟರ್‌ಹೆಡ್ ನಮ್ಮದೇ. ದುಂಡನೆಯ ಸೀಲು, ಅದರ ಮೇಲೆ ಹಾದುಹೋದ ಸಹಿ, ಕೆಳಗೆ ಆರಂಕಿಯ ನನ್ನ ಮೆಂಬರ್‌ಶಿಪ್ ನಂಬರ್. ಸಹಿಯ ಕೊನೆಗೆ ನಾನು ಎಳೆಯುವ ಗೆರೆಯನ್ನೂ ಬಿಟ್ಟಿರಲಿಲ್ಲ. ಆದರೆ ಆ ವ್ಯಾಪಾರಿಯ ಹೆಸರನ್ನೇ ನಾನು ಕೇಳಿರಲಿಲ್ಲ.

ಮ್ಯಾನೇಜರ್‌ಗೆ ಅನುಮಾನ ಬಂದದ್ದು ಕೆಳಗಿದ್ದ ಯುಡಿನ್‌ನಿಂದ. ಸಿಎ ಸಹಿ ಮಾಡುವ ಪ್ರತಿ ಸರ್ಟಿಫಿಕೇಟಿಗೂ 18 ಅಕ್ಷರ-ಅಂಕಿಗಳ ಈ ಗುರುತು ಬೇಕು. ಮೊದಲ ಎರಡು ಅಂಕಿ ವರ್ಷ, ಮುಂದಿನ ಆರು ನಮ್ಮ ಮೆಂಬರ್‌ಶಿಪ್ ನಂಬರ್, ಉಳಿದ ಹತ್ತನ್ನು ಕಂಪ್ಯೂಟರೇ ಕೊಡುತ್ತದೆ. ಅದನ್ನು ಪಡೆಯುವಾಗ ಇದು ಎಂಥ ದಾಖಲೆ, ಅದರಲ್ಲಿರುವ ಮುಖ್ಯ ಮೊತ್ತ ಎಷ್ಟು ಅಂತ ನಾವು ತುಂಬಬೇಕು. ಮ್ಯಾನೇಜರ್ ಆ ನಂಬರನ್ನು ಸಿಎಗಳ ಸಂಸ್ಥೆಯಾದ ನಮ್ಮ ಇನ್‌ಸ್ಟಿಟ್ಯೂಟ್‌ನ (ಐಸಿಎಐ) ಪೋರ್ಟಲ್‌ನಲ್ಲಿ ಹಾಕಿ ನೋಡಿದ್ದರು. ಕಾಗದದಲ್ಲಿ ಎರಡೂವರೆ ಕೋಟಿ ವಹಿವಾಟು. ಪೋರ್ಟಲ್‌ನಲ್ಲಿ 64 ಲಕ್ಷದ ನೆಟ್‌ವರ್ತ್ (ಸಾಲ ಕಳೆದು ಉಳಿಯುವ ಆಸ್ತಿ) ಸರ್ಟಿಫಿಕೇಟ್. ಅದು ಮಗಳನ್ನು ಓದಲು ಜರ್ಮನಿಗೆ ಕಳಿಸುತ್ತಿದ್ದ ಒಬ್ಬ ತಂದೆಗೆ ನಾನು ಕೊಟ್ಟದ್ದು! ಅವರ ಜೆರಾಕ್ಸ್ ಪ್ರತಿ ಎಲ್ಲೋ ಯಾರದೋ ಕೈಗೆ ಸಿಕ್ಕಿದೆ.

ಅವತ್ತೇ ಬ್ಯಾಂಕಿಗೆ ಬರೆದುಕೊಟ್ಟೆ, ಪೊಲೀಸರಿಗೆ ದೂರು ಕೊಟ್ಟೆ, ಇನ್‌ಸ್ಟಿಟ್ಯೂಟ್‌ಗೂ ತಿಳಿಸಿದೆ. ರಾತ್ರಿ ಮನೆಗೆ ಬಂದ ಮೇಲೆ ಕಾಡಿದ್ದು ಬೇರೆಯೇ. ಈ ಯುಡಿನ್ ಸರ್ಟಿಫಿಕೇಟುಗಳಿಗೆ ಕಡ್ಡಾಯವಾದದ್ದು 2019ರ ಫೆಬ್ರವರಿ 1ರಂದು. ಆಗ ಸ್ಟಡಿ ಸರ್ಕಲ್ ಮೀಟಿಂಗಿನಲ್ಲಿ ಎದ್ದು ನಿಂತು, “ನಮ್ಮನ್ನೇ ಕಳ್ಳರ ಥರ ನೋಡ್ತಾರಲ್ಲ” ಅಂದವರಲ್ಲಿ ನಾನೂ ಒಬ್ಬ. ನನ್ನ ಸಹಿಯನ್ನು ಹೊರಗಿನವರು ಯಾಕೆ ಪರೀಕ್ಷೆ ಮಾಡಬೇಕು ಅನ್ನುವ ಸಿಟ್ಟು. ಆ ಪರೀಕ್ಷೆ ಇಲ್ಲದಿದ್ದರೆ ನಾನು ಇವತ್ತು ಸಾಲದ ಮೋಸದ ಕೇಸಿನಲ್ಲಿ ಸಿಕ್ಕಿಕೊಂಡಿರುತ್ತಿದ್ದೆ.

ಇನ್ನೊಂದನ್ನೂ ಹೇಳಬೇಕು. 2019ಕ್ಕೆ ಮೊದಲು, ಪರಿಚಯದವರು ಬಂದು “ಅರ್ಜೆಂಟ್ ಐತ್ರಿ” ಅಂದಾಗ, ಲೆಕ್ಕದ ಪುಸ್ತಕ ಪೂರ್ತಿ ನೋಡದೆ ಸಹಿ ಹಾಕಿದ್ದೇನೆ. ಒಂದೆರಡು ಸಲ ಅಲ್ಲ. ಸರ್ಟಿಫಿಕೇಟಿನಲ್ಲಿ ಬರೆದ ಮೊತ್ತ ನನ್ನ ಫೈಲಿನಲ್ಲೂ ಇರುತ್ತಿರಲಿಲ್ಲ. ಈಗ ನನ್ನದೇ ಲಾಗಿನ್‌ನಿಂದ ಮೊತ್ತ ಟೈಪ್ ಮಾಡುವಾಗ ಬೆರಳು ತಡೆಯುತ್ತದೆ. ಇದು ಎಲ್ಲಿಂದ ಬಂತು ಅಂತ ಕೇಳಿಕೊಳ್ಳಲೇಬೇಕಾಗುತ್ತದೆ.

ನಮ್ಮ ಇನ್‌ಸ್ಟಿಟ್ಯೂಟ್ 1949ರ ಕಾಯ್ದೆಯಿಂದ ಹುಟ್ಟಿದ್ದು. ಪರೀಕ್ಷೆ ನಡೆಸುವುದು, ಪ್ರಾಕ್ಟೀಸ್ ಮಾಡಲು ಅನುಮತಿ ಕೊಡುವುದು, ತಪ್ಪು ಮಾಡಿದರೆ ಹೆಸರು ತೆಗೆಯುವುದು ಎಲ್ಲವೂ ಅಲ್ಲೇ. ಅದರ ಕೌನ್ಸಿಲ್‌ನ ಹೆಚ್ಚಿನವರನ್ನು ಓಟು ಹಾಕಿ ಆರಿಸುವವರು ನಾವು. ಅಂದರೆ ನನ್ನ ಮೇಲೆ ದೂರು ಬಂದರೆ ವಿಚಾರಣೆಗೆ ಕೂರುವವರಲ್ಲಿ ನನ್ನ ಓಟು ಕೇಳಿ ಬಂದವರೂ ಇರುತ್ತಾರೆ. ಅವರು ಪ್ರಾಮಾಣಿಕರೇ ಇರಬಹುದು. ಆದರೆ ದುಡ್ಡು ಕಳೆದುಕೊಂಡವನು ಅದನ್ನು ನಂಬುವುದು ಹೇಗೆ, ಅಲ್ವಾ?

2009ರ ಜನವರಿಯಲ್ಲಿ ಸತ್ಯಂ ಅನ್ನುವ ಸಾಫ್ಟ್‌ವೇರ್ ಕಂಪನಿಯ ಹಗರಣ ಬಯಲಾದಾಗ ಈ ಪ್ರಶ್ನೆ ಜೋರಾಯಿತು. ಬ್ಯಾಂಕಿನಲ್ಲಿ ಇಲ್ಲದ ಸಾವಿರಾರು ಕೋಟಿ ಲೆಕ್ಕದಲ್ಲಿತ್ತು, ಆಡಿಟ್ ವರದಿಯಲ್ಲಿ ಯಾವ ತಕರಾರೂ ಇರಲಿಲ್ಲ. 2013ರ ಕಂಪನಿ ಕಾಯ್ದೆಯ 132ನೇ ಸೆಕ್ಷನ್‌ನಲ್ಲಿ ಎನ್‌ಎಫ್‌ಆರ್‌ಎ (ರಾಷ್ಟ್ರೀಯ ಹಣಕಾಸು ವರದಿ ಪ್ರಾಧಿಕಾರ) ಅನ್ನುವ ಹೊರಗಿನ ಪ್ರಾಧಿಕಾರದ ಮಾತು ಬಂತು, ಅದು ನಿಜವಾಗಿ ಶುರುವಾದದ್ದು 2018ರ ಅಕ್ಟೋಬರ್ 1ಕ್ಕೆ. ಷೇರುಪೇಟೆಯ ಕಂಪನಿಗಳು ಮತ್ತು ದೊಡ್ಡ ಕಂಪನಿಗಳ ಆಡಿಟರ್‌ಗಳನ್ನು ಅದು ವಿಚಾರಿಸುತ್ತದೆ. ತಪ್ಪು ಸಾಬೀತಾದರೆ ಹತ್ತು ವರ್ಷದವರೆಗೆ ಹೊರಗಿಡಬಹುದು. ಅದರ ಆದೇಶಗಳನ್ನು ಶನಿವಾರ ನಮ್ಮ ಆರ್ಟಿಕಲ್ಸ್ ಮಕ್ಕಳ, ಅಂದರೆ ಸಿಎ ಓದುತ್ತ ನಮ್ಮಲ್ಲಿ ಕೆಲಸ ಕಲಿಯುವವರ, ಜೊತೆ ಕೂತು ಓದುತ್ತೇನೆ. ಯಾವ ಪುರಾವೆ ಕೇಳಲಿಲ್ಲ, ಎಲ್ಲಿ ಸುಮ್ನೆ ನಂಬಿದರು ಅನ್ನುವುದು ಬಿಡಿಸಿ ಬರೆದಿರುತ್ತದೆ. ಅಷ್ಟು ಒಳ್ಳೆಯ ಪಾಠ ಯಾವ ಸೆಮಿನಾರಿನಲ್ಲೂ ನನಗೆ ಸಿಕ್ಕಿಲ್ಲ.

ನಮ್ಮಂಥ ಸಣ್ಣ ಊರಿನ ಫರ್ಮುಗಳು ಮಾತ್ರ ಹೆಚ್ಚಾಗಿ ಇನ್‌ಸ್ಟಿಟ್ಯೂಟ್ ಕೈಯಲ್ಲೇ ಇವೆ. ಶಿಸ್ತು ಸಮಿತಿಯ ಮುಖ್ಯಸ್ಥರು ಸಿಎ ಅಲ್ಲದವರಾಗಿರಬೇಕು ಅಂತ 2022ರಲ್ಲಿ ಸಂಸತ್ತು ತಿದ್ದುಪಡಿ ಪಾಸು ಮಾಡಿತು. ನಮ್ಮ ಗುಂಪುಗಳಲ್ಲಿ ತುಂಬಾ ವಿರೋಧ ಬಂತು. ನನಗೆ ಅದು ಸರಿ ಅನ್ನಿಸಿತು, ಹಾಗೇ ಹೇಳಿದೆ. ಸಂಘ ಇರುವುದು ನಮಗಾಗಿ, ಆದರೆ ನಮ್ಮ ಸಹಿ ಇರುವುದು ಜನರಿಗಾಗಿ.

ಜನರಿಗೆ ಇದೆಲ್ಲ ಗೊತ್ತಿಲ್ಲ ಅನ್ನುವುದೇ ನನ್ನ ಸಂಕಟ. ಯುಡಿನ್ ಪರೀಕ್ಷಿಸಲು ಬ್ಯಾಂಕ್ ಮ್ಯಾನೇಜರೇ ಆಗಬೇಕಿಲ್ಲ, ದುಡ್ಡೂ ಬೇಡ. ನಿಮ್ಮ ಸೊಸೈಟಿಯ ಲೆಕ್ಕಕ್ಕೆ ಸಿಎ ಸಹಿ ಇದ್ದರೆ ಆ ವರದಿಯಲ್ಲೂ ಯುಡಿನ್ ಇರಬೇಕು, ಕೇಳಿ.

ಹೋದ ವಾರ ನಮ್ಮ ಹಳೆಯ ಕ್ಲೈಂಟ್ ಒಬ್ಬರು ನೆಟ್‌ವರ್ತ್ ಸರ್ಟಿಫಿಕೇಟ್ ಬೇಕು ಅಂತ ಬಂದರು. ನಾನು ಒಳಗಿದ್ದೆ. ಹೊರಗೆ ಆರ್ಟಿಕಲ್ಸ್ ಹುಡುಗಿಯ ದನಿ ಕೇಳಿಸಿತು. “ಅಂಕಲ್, ಹೊಲದ ಉತಾರ, ಬ್ಯಾಂಕ್ ಸ್ಟೇಟ್‌ಮೆಂಟ್ ತಂದೀರೇನ್ರಿ? ಅವು ಇಲ್ಲಾಂದ್ರ ಸರ್ ಸಹಿ ಹಾಕಂಗಿಲ್ರಿ.” ಅವರು ಸ್ವಲ್ಪ ಗೊಣಗಿದರು. ಆಮೇಲೆ ಸ್ಕೂಟರ್ ಸ್ಟಾರ್ಟ್ ಆದ ಸದ್ದು. ಮುಕ್ಕಾಲು ಗಂಟೆಗೆ ಉತಾರ ತಗೊಂಡು ವಾಪಸ್ ಬಂದರು.